ತುಂಟ ಕೆಂಚನ ಪ್ರಾಸಪುಸ್ತಕ: ಮಾತ್ರೆಯಿಂದ ಹೊಲಿಗೆಯವರೆಗೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ದೊಡ್ಡವರು ಓದಿ ಹೇಳುವ ಚಿತ್ರಪುಸ್ತಕ ಇದು. ಅಳತೆ 8×8 ಇಂಚು. ಒಳಗೆ 24 ಪುಟ, ಹೊರಗೆ ರಕ್ಷಾಪುಟದ ಒಂದು ಹಾಳೆ. ಕತೆ ಇಷ್ಟೇ: ಕೆಂಚ ಎಂಬ ನಾಯಿ ಹೊಸಿಲಿನ ಬಳಿ ಬಿಟ್ಟ ಪ್ರತಿ ಜೋಡಿಯಲ್ಲೂ ಒಂದೊಂದೇ ಚಪ್ಪಲಿ ಕದ್ದು ಹುಲ್ಲಿನ ಬಣವೆಯಲ್ಲಿ ಬಚ್ಚಿಡುತ್ತಾನೆ. ಚಪ್ಪಲಿ ಎಲ್ಲ ಸಿಕ್ಕ ಮೇಲೆ ತಾತನ ಹಲ್ಲಿನ ಸೆಟ್ಟು ಕಾಣೆ. ನೀತಿ ಪಾಠ ಇಲ್ಲ, ನಾಯಿಗೆ ಬುದ್ಧಿ ಬರುವುದಿಲ್ಲ. ಕೊನೆಯಲ್ಲಿ ಬುದ್ಧಿ ಕಲಿಯುವ ತುಂಟ ನಾಯಿಯನ್ನು ಮಕ್ಕಳು ಎರಡನೇ ಸಲ ಕೇಳುವುದಿಲ್ಲ.

ಹೆಸರು ಮೊದಲು

ನಾಯಿಯ ಹೆಸರು ಪುಸ್ತಕದಲ್ಲಿ ಹತ್ತಾರು ಸಲ ಬರುತ್ತದೆ, ಪ್ರತಿ ಸಲವೂ ತಾಳಕ್ಕೆ ಕೂರಬೇಕು. ‘ಕೆಂಚ’ ಮೂರು ಮಾತ್ರೆ: ಕೆಂ ಗುರು, ಎರಡು ಮಾತ್ರೆ; ಚ ಲಘು, ಒಂದು. (ಮಾತ್ರೆ ಎಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ.) ವಿಭಕ್ತಿ ಸೇರಿದರೆ ಕೆಂಚನು, ಕೆಂಚನ, ಕೆಂಚಗೆ, ಎಲ್ಲವೂ ನಾಲ್ಕು ಮಾತ್ರೆ. ಕೂಗಿ ಕರೆದರೆ ಕೆಂಚಾ, ಅದೂ ನಾಲ್ಕೇ. ನಾಲ್ಕು ಮಾತ್ರೆಯ ಗುಂಪುಗಳಲ್ಲಿ, ಅಂದರೆ ಗಣದಲ್ಲಿ ಬರೆಯುವವರಿಗೆ ಇದಕ್ಕಿಂತ ಅನುಕೂಲದ ಹೆಸರು ಬೇಡ. ಟಾಮಿ, ರಾಜ, ಚಿಂಟು ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ‘ಬ್ರೂನೋ’ದಂಥದ್ದು ಮೊದಲೇ ನಾಲ್ಕು ಮಾತ್ರೆ, ವಿಭಕ್ತಿ ಹತ್ತಿದ ಕೂಡಲೇ ಗಣದಿಂದ ಹೊರಗೆ ಚಾಚುತ್ತದೆ.

ಹೆಸರಿನ ಎರಡನೇ ಅಕ್ಷರ ಇನ್ನೂ ಮುಖ್ಯ. ಕನ್ನಡ ಪದ್ಯದ ಹಳೆಯ ಪ್ರಾಸ ಸಾಲಿನ ಕೊನೆಯದಲ್ಲ, ಸಾಲಿನ ಮೊದಲ ಪದದ ಎರಡನೇ ಅಕ್ಷರದ್ದು. ‘ಕೆಂಚ’ನಿಗೆ ಮನೆಯೊಳಗೇ ನೆಂಟರು ಸಿಗುತ್ತಾರೆ: ಮಂಚ, ಹಂಚು, ಅಂಚು, ಮಿಂಚು, ಸಂಚು, ಹೊಂಚು, ಕಂಚು, ಅಂಚೆ. ಹೆಸರಿಡುವ ಮೊದಲು ಇಂಥ ಪದಪಟ್ಟಿ ಹಾಕಿಕೊಳ್ಳಿ. ಮಗು ಕಂಡಿರುವ ವಸ್ತುಗಳೇ ಆರೇಳು ಸಿಕ್ಕರೆ ಆ ಹೆಸರು ಗಟ್ಟಿ. ಕೆಂಚು ಬಣ್ಣದ ಬೀದಿ ನಾಯಿಗೆ ಹಳ್ಳಿಗಳಲ್ಲಿ ತಾನಾಗೇ ಬೀಳುವ ಹೆಸರು ಎನ್ನುವುದು ಮೇಲಿನ ಲಾಭ.

‘ಇತು’ ಎಂಬ ಬಿಟ್ಟಿ ಪ್ರಾಸ

ಮೊದಲ ಕರಡು ಯಾರೇ ಬರೆದರೂ ಹೀಗೆ ಬರುತ್ತದೆ:

ಕೆಂಚ ಬಂದಿತು, ಚಪ್ಪಲಿ ಕಚ್ಚಿತು,
ಹೊರಗೆ ಓಡಿತು, ಮರಳಿ ಬಂದಿತು.

ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಯಲ್ಲಿ, ನಪುಂಸಕ ಲಿಂಗದ ಭೂತಕಾಲದಲ್ಲಿ ಏನು ಬರೆದರೂ ‘ಇತು’ ಎಂದು ಮುಗಿಯುತ್ತದೆ. ಪ್ರಾಸ ಸಿಕ್ಕಿತು ಅನ್ನಿಸುತ್ತದೆ, ಸಿಕ್ಕಿದ್ದು ಪ್ರತ್ಯಯ ಮಾತ್ರ. ಕೇಳುವ ಮಗುವಿಗೆ ಮುಂದಿನ ಪದ ಊಹಿಸುವ ಆಟವೇ ಇರುವುದಿಲ್ಲ, ಏಕೆಂದರೆ ಎಲ್ಲ ಕ್ರಿಯಾಪದವೂ ಅಲ್ಲಿ ಹೊಂದುತ್ತದೆ. ಪ್ರಾಸಪುಸ್ತಕದ ಅರ್ಧ ಸುಖ ಇರುವುದೇ ಆ ಊಹೆಯಲ್ಲಿ.

ಬಿಡಿಸಿಕೊಳ್ಳಲು ಎರಡು ದಾರಿ. ಒಂದು, ನಾಯಿಯನ್ನು ‘ಅದು’ ಎನ್ನದೆ ‘ಅವನು’ ಮಾಡುವುದು. ಆಗ ಓಡಿದ, ಕೂತ, ಮಲಗಿದ ಎಂಬ ಚಿಕ್ಕ ರೂಪಗಳು ಸಿಗುತ್ತವೆ, ಸಾಲಿನ ನಡುವೆ ಸಲೀಸಾಗಿ ಕೂರುತ್ತವೆ. ಎರಡು, ಕ್ರಿಯಾಪದವನ್ನು ಸಾಲಿನ ಎರಡನೇ ಗಣಕ್ಕೆ ತಂದು ಕೊನೆಯಲ್ಲಿ ಜಾಗ, ವಸ್ತು ಅಥವಾ ‘ಕಚ್ಚಿ, ಬಿಚ್ಚಿ’ಯಂಥ ಪದ ಇಡುವುದು. ಹಾಡಿನಲ್ಲಿ ಈ ಹಿಂದುಮುಂದು ಕನ್ನಡಕ್ಕೆ ಸಹಜವೇ. ತಿದ್ದಿದ ಮೇಲೆ ಮೊದಲ ಪದ್ಯ ಹೀಗಾಯಿತು:

ಕೆಂಚನು ಹೊಂಚಿದ ಮಂಚದ ಕೆಳಗೆ,
ಮಿಂಚಿನ ಹಾಗೇ ಹೊಸಿಲಿನ ಬಳಿಗೆ!

ಪ್ರತಿ ಸಾಲು 4+4+4+3. ಕೊನೆಯ ಅಕ್ಷರವನ್ನು ಹಾಡುವಾಗ ಎಳೆಯುವುದರಿಂದ ಹದಿನಾರು ತುಂಬುತ್ತದೆ. ಇದು ಹರಿಹರ ಕವಿ ಹನ್ನೆರಡನೇ ಶತಮಾನದಲ್ಲೇ ಮೆರೆಸಿದ ರಗಳೆ ಎಂಬ ಛಂದಸ್ಸಿನ ಮನೆತನದ್ದು. ನಾಲ್ಕು ಮಾತ್ರೆಯ ಗಣದ ರಗಳೆಗೆ ಮಂದಾನಿಲ ಎಂದು ಹೆಸರು. ಮೂರು ಮಾತ್ರೆಯ ಉತ್ಸಾಹದಲ್ಲೂ ಬರೆಯಬಹುದು, ಓಟ ಚೆನ್ನಾಗಿ ಬರುತ್ತದೆ, ಆದರೆ ಓದುವ ಅಪ್ಪ ಅಮ್ಮಂದಿರಿಗೆ ಉಸಿರು ಸಾಲುವುದಿಲ್ಲ. ಐದು ಮಾತ್ರೆಯ ಲಲಿತ ಈ ವಯಸ್ಸಿಗೆ ಬೇಡ, ಚಪ್ಪಾಳೆ ಹೊಂದಿಸುವುದು ಕಷ್ಟ.

ಲೆಕ್ಕ ಸರಿ ಇದ್ದೂ ನಾಲಿಗೆ ಎಡವುವುದು

ಮಾತ್ರೆ ಎಣಿಸುವುದು ಸುಲಭ: ಹ್ರಸ್ವ ಒಂದು, ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಎರಡು. ಎಣಿಕೆಯಲ್ಲಿ ಗೆದ್ದರೂ ಬಾಯಲ್ಲಿ ಸೋಲುವ ಸಾಲುಗಳಿವೆ:

ಅಜ್ಜಿಯ ಹೊಸ ಚಪ್ಪಲಿ ಜೋಡಿಯಲೊಂದು

ಗಣ ಹಾಕಿ ನೋಡಿ: ಅಜ್ಜಿಯ | ಹೊಸ ಚಪ್ | ಪಲಿ ಜೋ | ಡಿಯಲೊಂ | ದು. ನಾಲ್ಕು ನಾಲ್ಕು ಬಂದಿದೆ. ಆದರೆ ತಾಳದ ಪೆಟ್ಟು ‘ಪಲಿ’ಯ ಮೇಲೆ, ‘ಡಿಯ’ದ ಮೇಲೆ ಬೀಳುತ್ತದೆ. ಅರ್ಥವಿಲ್ಲದ ತುಂಡುಗಳ ಮೇಲೆ ಬೀಳುವ ಪೆಟ್ಟು ಓದುವವರನ್ನು ತಡೆಯುತ್ತದೆ, ಅವರು ಹಾಡು ಬಿಟ್ಟು ಗದ್ಯಕ್ಕೆ ಇಳಿಯುತ್ತಾರೆ. ‘ಹೊಸ’ ತೆಗೆದರೆ ಸರಿ:

ಅಜ್ಜಿಯ ಚಪ್ಪಲಿ ಜೋಡಿಯಲೊಂದು
ಹೆಜ್ಜೆಯ ಸದ್ದೇ ಇಲ್ಲದೆ ತಂದು…

‘ಜೋಡಿಯ | ಲೊಂದು’ ಇಲ್ಲಿಯೂ ಒಡೆಯುತ್ತದಲ್ಲ ಎಂದರೆ, ಅದು ಒಡೆಯುವುದು ಸಂಧಿಯ ಜಾಗದಲ್ಲಿ. ಪೆಟ್ಟು ‘ಒಂದು’ವಿನ ಮೇಲೆ ಬೀಳುತ್ತದೆ, ಕತೆಗೆ ಬೇಕಾದದ್ದೂ ಅದೇ. ಪ್ರಕೃತಿ (ಮೂಲ ಪದ) ಮತ್ತು ಪ್ರತ್ಯಯದ ನಡುವೆ ಒಡೆದರೆ ಕಿವಿ ಸಹಿಸುತ್ತದೆ, ಪದದ ಹೊಟ್ಟೆಯಲ್ಲಿ ಒಡೆದರೆ ಸಹಿಸುವುದಿಲ್ಲ.

ಉಳಿದ ಪದ್ಯಗಳು:

ಅಕ್ಕನ ಹೊಸ ಶೂ ಲೇಸನು ಬಿಚ್ಚಿ
ಚಕ್ಕನೆ ಓಡಿದ ಬಾಯಲಿ ಕಚ್ಚಿ.

ಅಂಚೆಯ ಮಾಮನ ಚಪ್ಪಲಿ ಎಲ್ಲಿ?
ಕೆಂಚನು ಮಲಗಿದ ಅಂಗಳದಲ್ಲಿ.

ಹುಡುಕಿರಿ ಹುಡುಕಿರಿ ಅಟ್ಟದ ಮೇಲೆ,
ದುಡುದುಡು ಓಡುವ ಬಾಲದ ಲೀಲೆ!

ಬಣವೆಯ ಬುಡದಲಿ ಸಿಕ್ಕವು ಎಲ್ಲ,
ಎಣಿಸುವ ತಾತಗೆ… ಹಲ್ಲೇ ಇಲ್ಲ!

ಇವುಗಳ ನಡುವೆ ಮೂರು ಸಲ ಬರುವ ಪಲ್ಲವಿ:

ಎಲ್ಲೋ? ಎಲ್ಲೋ? ಕೆಂಚಾ, ಎಲ್ಲೋ?

ಪಲ್ಲವಿಯಲ್ಲಿ ಎಂಟೂ ಗುರು. ನಿಧಾನ, ಭಾರ, ಎರಡು ವರ್ಷದ ಮಗುವೂ ಕೂಗಿ ಸೇರಬಹುದು. ‘ಬಣವೆಯ ಬುಡದಲಿ’ ಎಂಟೂ ಲಘು, ಕಾಲಿಗೆ ಬುದ್ಧಿ ಹೇಳಿದ ಹಾಗೆ ಓಡುತ್ತದೆ. ನಾಯಿ ಓಡುವಾಗ, ಹುಡುಕಾಟ ನಡೆಯುವಾಗ ಲಘು ಸುರಿಯಿರಿ; ಕಾಯಿಸಬೇಕಾದಲ್ಲಿ ಗುರು ಇಡಿ. ಈ ಏರಿಳಿತ ಇಲ್ಲದ ಪದ್ಯ ಎಷ್ಟು ಪ್ರಾಸ ತುಂಬಿದರೂ ಮಗ್ಗಿ ಓದಿದಂತೆ ಕೇಳುತ್ತದೆ.

‘ಹೊಸಿಲಿನ’ ಮೊದಲು ‘ಹೊಸ್ತಿಲ’ ಇತ್ತು. ಎರಡೂ ನಾಲ್ಕು ಮಾತ್ರೆ. ಬದಲಿಸಿದ್ದು ಒತ್ತಕ್ಷರಕ್ಕಾಗಿ. ಈ ಪುಸ್ತಕದ ಪದ್ಯಗಳಲ್ಲಿ ಬರುವ ಒತ್ತೆಲ್ಲ ಸಜಾತೀಯ: ಪ್ಪ, ಜ್ಜ, ಕ್ಕ, ಚ್ಚ, ಲ್ಲ, ದ್ದ, ಟ್ಟ. ಅಕ್ಷರದ ಕೆಳಗೆ ಅದೇ ಅಕ್ಷರದ ಒತ್ತು. ಓದಲು ಶುರು ಮಾಡಿದ ಆರು ವರ್ಷದ ಮಗು ಈ ನಿಯಮವನ್ನು ತಾನೇ ಹಿಡಿಯುತ್ತದೆ. ನಡುವೆ ಒಂದೇ ಒಂದು ‘ಸ್ತ’ ಬಂದರೂ ಅಲ್ಲಿ ನಿಲ್ಲುತ್ತದೆ. ಅರ್ಕಾವತ್ತನ್ನೂ ಇದೇ ಕಾರಣಕ್ಕೆ ಹೊರಗಿಡಲಾಗಿದೆ.

ಪರೀಕ್ಷೆ ಹೀಗೆ: ಪದ್ಯ ಮೊದಲು ನೋಡಿರದ ಒಬ್ಬರ ಕೈಗೆ ಹಾಳೆ ಕೊಟ್ಟು ಗಟ್ಟಿಯಾಗಿ ಓದಿಸಿ. ತಾಳ ಹೇಳಿಕೊಡಬೇಡಿ, ಬರೆದವರು ಓದಬೇಡಿ. ಬರೆದವರ ಬಾಯಿ ಎಂಥ ಕುಂಟು ಸಾಲನ್ನೂ ನಡೆಸಿಬಿಡುತ್ತದೆ. ಓದುವವರು ತಡವರಿಸಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಇಬ್ಬರು ಒಂದೇ ಜಾಗದಲ್ಲಿ ತಡವರಿಸಿದರೆ ಆ ಸಾಲು ಹೋಗಬೇಕು, ಎಷ್ಟೇ ಚೆಂದ ಇರಲಿ.

ಪುಟ ಹಂಚಿಕೆ

ಮಡಚಿ ಹೊಲಿಯುವ ಪುಸ್ತಕದ ಪುಟ ನಾಲ್ಕರ ಗುಣಕದಲ್ಲೇ ಇರಬೇಕು. ಆರು ಎ4 ಹಾಳೆ ಅರ್ಧಕ್ಕೆ ಮಡಚಿ ಒಂದರೊಳಗೊಂದು ಸೇರಿಸಿದರೆ 24 ಪುಟದ ಕಚ್ಚಾ ಪ್ರತಿ ಸಿದ್ಧ. ಚಿತ್ರಕ್ಕೆ ಕೈ ಹಚ್ಚುವ ಮೊದಲು ಪದ್ಯದ ತುಂಡುಗಳನ್ನು ಇದರಲ್ಲಿ ಅಂಟಿಸಿ, ಪುಟ ತಿರುಗಿಸಿ ಓದಿ. ಕಂಪ್ಯೂಟರ್ ಪರದೆಯಲ್ಲಿ ಪುಟ ತಿರುಗುವುದಿಲ್ಲ, ಅಲ್ಲಿ ಈ ತೀರ್ಮಾನ ಮಾಡಲು ಬರುವುದಿಲ್ಲ.

ಪುಟ 1 ಶೀರ್ಷಿಕೆ. 2–3ರಲ್ಲಿ ಎಡಕ್ಕೆ ಚಿಕ್ಕದಾಗಿ ಹಕ್ಕಿನ ವಿವರ, ಉಳಿದಂತೆ ಹೊಸಿಲಿನ ಚಿತ್ರ, ಮಾತಿಲ್ಲ. 4–5 ಮೊದಲ ಪದ್ಯ, 6–7 ಅಜ್ಜಿ, 8–9 ಪಲ್ಲವಿ, 10–11 ಅಕ್ಕ, 12–13 ಪಲ್ಲವಿಯ ಜೊತೆ ಇಡೀ ಊರಿನ ಓಟ, 14–15 ಅಂಚೆ ಮಾಮ, 16–17 ಹುಡುಕಾಟ, 18–19 ಮನೆಮಂದಿ ಎಲ್ಲ ಸೇರಿ ಕೊನೆಯ ಪಲ್ಲವಿ, 20–21 ಬಣವೆ. 22–23ರಲ್ಲಿ ‘ಎಣಿಸುವ ತಾತಗೆ…’ ಅಷ್ಟೇ. ಪುಟ ತಿರುಗಿಸಿದರೆ 24ರಲ್ಲಿ ‘ಹಲ್ಲೇ ಇಲ್ಲ!’

ದೊಡ್ಡ ಚಿತ್ರ 12–13ಕ್ಕೆ ಬಂದದ್ದು ಅಕಸ್ಮಾತ್ ಅಲ್ಲ. 24 ಪುಟದಲ್ಲಿ ಎರಡೂ ಪುಟ ಒಂದೇ ಹಾಳೆಯ ಒಂದೇ ಮುಖದಲ್ಲಿ ಅಚ್ಚಾಗಿ ಎದುರುಬದುರು ಬರುವುದು ಈ ನಡುಪುಟ ಮಾತ್ರ. ಬೇರೆ ಕಡೆ ಎಡ ಪುಟ ಒಂದು ಹಾಳೆಯದು, ಬಲ ಪುಟ ಇನ್ನೊಂದರದು. ಉದಾಹರಣೆಗೆ 6 ಮೂರನೇ ಹಾಳೆಯಲ್ಲಿದ್ದರೆ 7 ನಾಲ್ಕನೆಯದರಲ್ಲಿ. ಬಣ್ಣದಲ್ಲಿ ತುಸು ವ್ಯತ್ಯಾಸ, ಒಂದು ಮಿಲಿಮೀಟರಿನ ಜಾರು ಇದ್ದೇ ಇರುತ್ತದೆ. ಮುಖ, ಕಣ್ಣು, ಅಕ್ಷರ ಯಾವುದೂ ಮಡಿಕೆಯ ಎರಡೂ ಬದಿ ಹತ್ತು ಹತ್ತು ಮಿ.ಮೀ. ಒಳಗೆ ಬರಬಾರದು. ನಾಯಿಯ ಹೊಟ್ಟೆ ದಾಟಬಹುದು, ಮೂತಿ ದಾಟಬಾರದು.

ಪುಟ 24ರ ಎದುರಿಗೆ ರಕ್ಷಾಪುಟದ ಒಳಮೈ ಬರುತ್ತದೆ. ಅದನ್ನು ಬಿಳಿ ಬಿಟ್ಟರೆ ಕತೆಯ ಕೊನೆಯ ನಗು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಹಲ್ಲಿನ ಸೆಟ್ಟು ಕಚ್ಚಿದ ಕೆಂಚ ಆ ಒಳಮೈ ಮೇಲೆ ಓಡುವಂತೆ ಬರೆಯಲಾಗಿದೆ. ರಕ್ಷಾಪುಟ ಎರಡೂ ಮುಖ ಬಣ್ಣದಲ್ಲಿ ಅಚ್ಚು ಹಾಕಿಸಬೇಕಾಗುತ್ತದೆ, ಖರ್ಚು ತುಸು ಹೆಚ್ಚು, ಬೇರೆ ಕಡೆ ಉಳಿಸಿ.

ಹಲ್ಲಿನ ಸೆಟ್ಟು ಕೊನೆಗೆ ಇದ್ದಕ್ಕಿದ್ದಂತೆ ಬಂದರೆ ಮೋಸ. ಪುಟ 3ರ ಕಿಟಕಿಯಲ್ಲೇ ನೀರಿನ ಲೋಟದಲ್ಲಿ ಅದು ಕಾಣಬೇಕು, 9ರಲ್ಲಿ, 15ರಲ್ಲಿ ಮತ್ತೆ ಕಾಣಬೇಕು. 18ರಲ್ಲಿ ಲೋಟ ಖಾಲಿ. ಕೊನೆಯ ಪುಟದವರೆಗೆ ಪದ್ಯ ಅದರ ಸುದ್ದಿ ಎತ್ತುವುದೇ ಇಲ್ಲ. ಲೋಟ ಗಾಜಿನದೇ ಆಗಿರಲಿ. ಸ್ಟೀಲ್ ಲೋಟ ಬರೆದರೆ ಒಳಗಿನದು ಕಾಣುವುದಿಲ್ಲ.

ನಾಯಿ

ಚಿತ್ರ ಬರೆಯುವ ಕೈ ಇಲ್ಲದವರಿಗೆ ಒಂದು ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಚಿತ್ರಗಳು ಸಿಗುತ್ತವೆ, ಕಲಾವಿದರ ಹೆಸರು ಹಾಕಿ ಬಳಸಬಹುದು. ಆದರೆ ಒಂದೇ ನಾಯಿ ಹನ್ನೊಂದು ಭಂಗಿಯಲ್ಲಿ, ಬೇಕಾದ ದಿಕ್ಕಿಗೆ ಮುಖ ಮಾಡಿ ಸಿಗುವುದು ದುರ್ಲಭ. ನೇರವಾಗಿ ಬರೆಯುವುದೇ ಮೇಲು, ಅದಕ್ಕೆ ದೊಡ್ಡ ಕೌಶಲ ಬೇಕಿಲ್ಲ.

ನಮ್ಮ ಬೀದಿ ನಾಯಿಯ ಲಕ್ಷಣ ಬರೆದಿಟ್ಟುಕೊಳ್ಳಿ: ಬಿಲ್ಲಿನಂತೆ ಬಾಗಿ ಬೆನ್ನ ಮೇಲೆ ಸುತ್ತಿದ ಬಾಲ, ನಿಮಿರಿದ ಕಿವಿ, ಒಳಕ್ಕೆ ಸೇದಿದ ಹೊಟ್ಟೆ, ಉದ್ದ ಕಾಲು. ಕೆಂಚನಿಗೆ ಎಡಗಿವಿಯ ತುದಿ ಮಡಚಿದೆ, ಬಾಲದ ತುದಿ ಬಿಳಿ, ಮುಂದಿನ ಎರಡು ಪಾದ ಬಿಳಿ. ಈ ಮೂರು ಗುರುತು ಪ್ರತಿ ಪುಟದಲ್ಲೂ ಇರಬೇಕು. ಎಡಗಿವಿ ಮಡಚಿದ ನಾಯಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಅಡ್ಡ ತಿರುವಿ ಹಾಕಿದರೆ ಬಲಗಿವಿ ಮಡಚುತ್ತದೆ, ಮೊದಲು ಹಿಡಿಯುವುದು ಮಗುವೇ.

ಕದ್ದು ಓಡುವಾಗ ನಾಯಿ ಎಡದಿಂದ ಬಲಕ್ಕೆ, ಅಂದರೆ ಪುಟ ತಿರುಗುವ ದಿಕ್ಕಿಗೆ ಹೋಗಬೇಕು. ಬರಿಗೈಯಲ್ಲಿ ಮತ್ತೊಂದಕ್ಕೆ ಮರಳುವಾಗ ಬಲದಿಂದ ಎಡಕ್ಕೆ. ಅಂಚೆ ಮಾಮನ ಪುಟದಲ್ಲಿ ಕಳ್ಳನಿದ್ದೆ: ಕಣ್ಣು ಮುಚ್ಚಿದೆ, ಕಿವಿ ನಿಮಿರಿದೆ, ಹೊಟ್ಟೆಯ ಅಡಿಯಿಂದ ಚಪ್ಪಲಿಯ ಬಾರು ಇಣುಕುತ್ತಿದೆ. ಪದ್ಯ ‘ಮಲಗಿದ’ ಎನ್ನುತ್ತದೆ, ಚಿತ್ರ ಇಲ್ಲ ಎನ್ನುತ್ತದೆ. ಪದ್ಯ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದಾದರೆ ಆ ಚಿತ್ರ ದಂಡ.

ಬಣ್ಣದಲ್ಲಿ ದೊಡ್ಡ ಅಪಾಯ ನೆಲ. ಹಳೆಯ ಮನೆ ಎಂದ ಕೂಡಲೇ ಕೆಂಪು ಗಾರೆ ನೆಲ ಬರೆಯಲು ಕೈ ಹೋಗುತ್ತದೆ. ಕೆಂಚು ನಾಯಿ ಅದರ ಮೇಲೆ ಕರಗಿಹೋಗುತ್ತದೆ. ಚಿತ್ರವನ್ನು ಕಪ್ಪು–ಬಿಳುಪಿಗೆ ತಿರುಗಿಸಿ ನೋಡಿ, ನಾಯಿ ಮತ್ತು ನೆಲ ಒಂದೇ ಬೂದು ಆಗಿದ್ದರೆ ನೆಲ ಬದಲಿಸಿ. ಇಲ್ಲಿ ಬೂದು ಕಡಪ ಕಲ್ಲು ಹಾಕಲಾಗಿದೆ.

ಚಪ್ಪಲಿಗಳಿಗೆ ಒಂದು ಪಟ್ಟಿ ಬೇಕು: ಅಜ್ಜಿಯದು ಎಡಗಾಲು, ಅಕ್ಕನದು ಬಲಗಾಲು, ಅಂಚೆ ಮಾಮನದು ಎಡಗಾಲು. ಕದ್ದ ಮೇಲೆ ಹೊಸಿಲಲ್ಲಿ ಉಳಿಯುವುದು ಯಾವ ಕಾಲಿನದು, ಬಣವೆಯಲ್ಲಿ ಸಿಗುವುದು ಯಾವುದು ಎಂಬುದನ್ನು ಪುಟ ಪುಟಕ್ಕೂ ತಾಳೆ ನೋಡಿ.

ಮಾಮನದು ನೀಲಿ ಬಾರಿನ ಹವಾಯಿ ಚಪ್ಪಲಿ. ಪರದೆಯ ಮೇಲಿನ ಕಡು ನೀಲಿ ಅಚ್ಚಿನಲ್ಲಿ ನೇರಳೆಯಾಗುತ್ತದೆ. ಪರದೆ ಬೆಳಕಿನ ಮೂರು ಬಣ್ಣದಿಂದ ನೀಲಿ ಮಾಡಿದರೆ, ಅಚ್ಚು ಸಯಾನ್ (ತಿಳಿನೀಲಿ) ಮತ್ತು ಮಜೆಂಟಾ (ಕಡು ಗುಲಾಬಿ) ಶಾಯಿ ಬೆರೆಸಿ ಮಾಡುತ್ತದೆ. ಎರಡೂ ಸಮ ಬಿದ್ದರೆ ನೇರಳೆ. ಸಯಾನ್ ಶೇಕಡಾ 100 ಇದ್ದರೆ ಮಜೆಂಟಾ 65 ದಾಟದಿರಲಿ. ನಾಯಿಯ ಮೈಗೆ ಸಯಾನ್ 20, ಮಜೆಂಟಾ 55, ಹಳದಿ 85, ಕಪ್ಪು 5ರಿಂದ ಶುರು ಮಾಡಿ, ಪ್ರೂಫ್ ನೋಡಿ ಹೆಚ್ಚು ಕಡಿಮೆ ಮಾಡಿ.

ಚಿತ್ರದ ಗಾತ್ರ: ಎರಡು ಪುಟ ಸೇರಿ 406.4×203.2 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸೇರಿದರೆ 412.4×209.2. ಇಂಚಿಗೆ 300 ಚುಕ್ಕಿಯಂತೆ 4871×2471 ಪಿಕ್ಸೆಲ್. ನೀರುಬಣ್ಣದಲ್ಲಿ ಬರೆದರೆ ಸ್ಕ್ಯಾನ್ ಮಾಡಿ, ಫೋನಿನಲ್ಲಿ ಫೋಟೊ ತೆಗೆಯಬೇಡಿ. ಅಂಚು ಬಾಗುತ್ತದೆ, ಒಂದು ಮೂಲೆ ಕಪ್ಪಾಗುತ್ತದೆ.

ಅಕ್ಷರ ಕೂರಿಸುವುದು

ಶೀರ್ಷಿಕೆಗೆ ಬಲೂ ತಮ್ಮ, ಪದ್ಯಕ್ಕೆ ನೋಟೊ ಸಾನ್ಸ್ ಕನ್ನಡ. ಎರಡೂ ಉಚಿತ ಯೂನಿಕೋಡ್ ಫಾಂಟ್. ಪದ್ಯ 22 ಪಾಯಿಂಟ್, ಸಾಲಿನ ಅಂತರ 36. ಇಂಗ್ಲಿಷ್ ಪುಸ್ತಕದ ಅಳತೆಯಲ್ಲಿ 22ಕ್ಕೆ 28 ಕೊಟ್ಟರೆ ‘ಚಪ್ಪಲಿ’ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಇಡೀ ಪದ್ಯವನ್ನು ದಪ್ಪ ಅಕ್ಷರದಲ್ಲಿ ಹಾಕುವ ಆಸೆ ಬೇಡ. ದಪ್ಪಗಾದಷ್ಟೂ ‘ವು’ ಮತ್ತು ‘ಮ’ ಒಂದೇ ತರಹ ಕಾಣುತ್ತವೆ, ‘ಸಿಕ್ಕವು’ ಎಂಬಲ್ಲಿ ಮಗು ತಿಣುಕುತ್ತದೆ.

ಇನ್‌ಡಿಸೈನ್‌ನಲ್ಲಿ (ಪುಟ ಜೋಡಿಸುವ ತಂತ್ರಾಂಶ) ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್-ರೆಡಿಗೆ ಬದಲಿಸದಿದ್ದರೆ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಸ್ಕ್ರೈಬಸ್ ಆದರೆ 1.6 ಅಥವಾ ಅದರ ಮೇಲಿನ ಆವೃತ್ತಿ ಬೇಕು, ಹಳೆಯ 1.4ಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಇಂಕ್‌ಸ್ಕೇಪ್ ತೊಂದರೆ ಕೊಡುವುದಿಲ್ಲ.

ಪ್ರೆಸ್ಸಿಗೆ ಫಾಂಟ್ ಒಳಸೇರಿಸಿದ ಪಿಡಿಎಫ್ ಮಾತ್ರ ಕೊಡಿ. ಪಠ್ಯ ಬೇರೆ, ಚಿತ್ರ ಬೇರೆ ಕೊಟ್ಟರೆ ಅಲ್ಲಿ ಅದನ್ನು ಹಳೆಯ ಆನ್ಸಿ (ಯೂನಿಕೋಡ್ ಅಲ್ಲದ) ಫಾಂಟಿಗೆ ತಿರುಗಿಸಿ ಮತ್ತೆ ಜೋಡಿಸುವ ರೂಢಿ ಇನ್ನೂ ಕೆಲವೆಡೆ ಇದೆ, ತಿರುಗಿಸುವಾಗ ಒತ್ತು ಮತ್ತು ದೀರ್ಘ ಕೆಡುತ್ತವೆ. ಅಕ್ಷರ ಶುದ್ಧ ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಶಾಯಿ ಬೆರೆಸಿದ ಕಪ್ಪಾದರೆ ಕೂದಲೆಳೆ ಜಾರಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ.

ಅಚ್ಚು

ಡಿಜಿಟಲ್ ಪ್ರೆಸ್ಸಿನ 12×18 ಇಂಚಿನ ಹಾಳೆಯಲ್ಲಿ ಎರಡು ಪುಟ ಆರಾಮಾಗಿ ಕೂರುತ್ತವೆ. ಒಳಹಾಳೆ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಮ್ಯಾಟ್ ಆರ್ಟ್ ಪೇಪರ್, ಆರು. ರಕ್ಷಾಪುಟ 250 ಜಿಎಸ್‌ಎಂ, ಒಂದು, ಹೊರಮೈಗೆ ಮ್ಯಾಟ್ ಲ್ಯಾಮಿನೇಷನ್. ಹೊಳಪಿನ ಕಾಗದ ಬೇಡ, ಮಲಗುವ ಕೋಣೆಯ ದೀಪ ಅದರಲ್ಲಿ ಮಿನುಗಿ ಚಿತ್ರ ಕಾಣುವುದಿಲ್ಲ. ಹಾಳೆಯಲ್ಲಿ ಉಳಿಯುವ ಪಟ್ಟಿಯಲ್ಲಿ ಪುಟಗುರುತು ಅಚ್ಚು ಹಾಕಿಸಿಕೊಳ್ಳಿ, ಬಿಟ್ಟಿ.

ಪುಟ ಜೋಡಣೆಯ ನಿಯಮ ಒಂದೇ: ಹಾಳೆಯ ಒಂದು ಮುಖದ ಎರಡು ಪುಟಸಂಖ್ಯೆ ಕೂಡಿದರೆ 25 ಬರಬೇಕು. ಹೊರಹಾಳೆಯಲ್ಲಿ 24 ಮತ್ತು 1, ಹಿಂದೆ 2 ಮತ್ತು 23. ಅದರೊಳಗೆ 22–3, 4–21. ಮುಂದೆ 20–5, 6–19; 18–7, 8–17; 16–9, 10–15; ನಡುವಿನದು 14–11, 12–13. ಎರಡು ಮುಖದ ಅಚ್ಚಿಗೆ ‘ಚಿಕ್ಕ ಅಂಚಿಗೆ ತಿರುಗಿಸಿ’ ಎಂದೇ ಹೇಳಿ, ಉದ್ದ ಅಂಚಿಗೆ ತಿರುಗಿಸಿದರೆ ಹಿಂಬದಿ ತಲೆಕೆಳಗಾಗುತ್ತದೆ.

ಕಾಗದದ ಎಳೆಯ ದಿಕ್ಕು ಕೇಳಿ ತಿಳಿಯಿರಿ, ಅಥವಾ ಚಿಕ್ಕ ಚೌಕ ಕತ್ತರಿಸಿ ಒಂದು ಮೈ ಒದ್ದೆ ಮಾಡಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ, ಆ ಕೊಳವೆಯ ಉದ್ದವೇ ಎಳೆಯ ದಿಕ್ಕು. ಪುಸ್ತಕದ ಬೆನ್ನು ಅದಕ್ಕೆ ಸಮಾನಾಂತರವಾಗಿರಬೇಕು. ಅಡ್ಡ ಎಳೆಯಲ್ಲಿ ಮಡಚಿದರೆ ಮಡಿಕೆಯಲ್ಲಿ ಶಾಯಿ ಸಿಡಿದು ಬಿಳಿ ಗೆರೆ ಬೀಳುತ್ತದೆ, ಪುಸ್ತಕ ಸದಾ ಬಾಯಿ ಬಿಟ್ಟುಕೊಂಡಿರುತ್ತದೆ. ಒಂದೇ ಪ್ರತಿಯ ಪ್ರೂಫ್ ತೆಗೆಸಿ, ಮಡಚಿ, ಓದಿ, ಆಮೇಲೆ ಉಳಿದದ್ದು.

ಮಾರುವ ಯೋಚನೆ ಇದ್ದರೆ ಅಚ್ಚಿಗೆ ಮೊದಲೇ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ತೆಗೆದುಕೊಳ್ಳಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್ ಅರ್ಜಿಗೆ ಶುಲ್ಕವಿಲ್ಲದೆ ಕೊಡುತ್ತದೆ. ಪುಸ್ತಕ ಸಲ್ಲಿಕೆಯ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಪ್ರತಿ ಸಲ್ಲಬೇಕು.

ಮಡಿಕೆ, ಹೊಲಿಗೆ

ಪ್ರತಿ ಹಾಳೆಯನ್ನೂ ಬೇರೆ ಬೇರೆ ಮಡಚಿ, ಸ್ಟೀಲ್ ಚಮಚದ ಹಿಂಬದಿಯಿಂದ ಉಜ್ಜಿ. ಏಳನ್ನೂ ಸೇರಿಸಿ ಒಟ್ಟಿಗೆ ಮಡಚಿದರೆ ಒಳಗಿನವು ಸುಕ್ಕಾಗುತ್ತವೆ. ಲ್ಯಾಮಿನೇಟ್ ಆದ ರಕ್ಷಾಪುಟಕ್ಕೆ ಪ್ರೆಸ್ಸಿನಲ್ಲೇ ಕ್ರೀಸಿಂಗ್ (ಮಡಿಕೆಯ ಗೀರು) ಹಾಕಿಸಿ, ಬರಿಗೈಯಲ್ಲಿ ಮಡಚಿದರೆ ಬೆನ್ನಿನ ಬಣ್ಣ ಬಿರಿಯುತ್ತದೆ.

ಪಿನ್ ಬೇಡ, ದಾರ ಹಾಕಿ. ಚಿಕ್ಕ ಮಕ್ಕಳು ಪಿನ್ ಕಿತ್ತು ಬಾಯಿಗೆ ಹಾಕುತ್ತಾರೆ, ಕರಾವಳಿಯ ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ನಡುಪುಟಕ್ಕೆ ಕಂದು ಕಲೆ ಇಳಿಯುತ್ತದೆ. ಬೇಕಾದದ್ದು: ಗಟ್ಟಿ ಹತ್ತಿ ದಾರ 60 ಸೆಂ.ಮೀ., ಜೇನುಮೇಣದ ತುಂಡು, ದಬ್ಬಳ, ಕಣ್ಣು ದೊಡ್ಡದಿರುವ ಸೂಜಿ, ಎರಡು ಬಟ್ಟೆ ಕ್ಲಿಪ್ಪು. ಮೇಣದ ಮೇಲೆ ದಾರವನ್ನು ಎರಡು ಸಲ ಎಳೆಯಿರಿ, ಗಂಟು ಜಾರುವುದಿಲ್ಲ.

ಬೆನ್ನಿನ ಮಡಿಕೆಯಲ್ಲಿ ಮೇಲಿನಿಂದ 15, 58, 101, 145, 188 ಮಿ.ಮೀ.ಗೆ ಗುರುತು ಹಾಕಿ ದಬ್ಬಳದಿಂದ ತೂತು ಮಾಡಿ. ತೂತು ಒಳಗಿನಿಂದ ಹೊರಕ್ಕೆ, ಪುಸ್ತಕವನ್ನು ಅರ್ಧ ತೆರೆದು ಮೂಲೆಗೆ ನೇರವಾಗಿ. ದಬ್ಬಳ ಓರೆಯಾದರೆ ಹೊರಗೆ ಬೆನ್ನು ಬಿಟ್ಟು ಪಕ್ಕದಲ್ಲಿ ಮೂಡುತ್ತದೆ. ತೂತುಗಳಿಗೆ ಮೇಲಿನಿಂದ 1ರಿಂದ 5 ಎಂದು ಹೆಸರಿಡಿ. ಒಳಗಿನಿಂದ 3ರಲ್ಲಿ ಹೊರಗೆ ಬನ್ನಿ, ಒಳಗೆ ಹತ್ತು ಸೆಂ.ಮೀ. ಬಾಲ ಬಿಡಿ. 4ರಲ್ಲಿ ಒಳಗೆ, 5ರಲ್ಲಿ ಹೊರಗೆ, ಮತ್ತೆ 4ರಲ್ಲಿ ಒಳಗೆ. ಒಳಗಡೆಯೇ 3ನ್ನು ದಾಟಿ 2ರಲ್ಲಿ ಹೊರಗೆ, 1ರಲ್ಲಿ ಒಳಗೆ, ಮತ್ತೆ 2ರಲ್ಲಿ ಹೊರಗೆ, ಕೊನೆಗೆ 3ರಲ್ಲಿ ಒಳಗೆ. ಈಗ ಎರಡು ತುದಿಗಳು ನಡುವಿನ ಉದ್ದ ಹೊಲಿಗೆಯ ಎರಡು ಬದಿಗೆ ಒಂದೊಂದು ಇರಬೇಕು. ಅದನ್ನು ತಬ್ಬಿಸಿ ಎರಡು ಗಂಟು ಹಾಕಿ. ಎರಡೂ ಒಂದೇ ಬದಿಗಿದ್ದರೆ ಗಂಟು ತೂತಿನಲ್ಲಿ ನುಸುಳಿ ಸಡಿಲವಾಗುತ್ತದೆ. ದಾರವನ್ನು ಬೆನ್ನಿನ ಉದ್ದಕ್ಕೆ ಎಳೆದು ಬಿಗಿ ಮಾಡಿ. ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ. ಎರಡನೇ ಸಲ ಸೂಜಿ ಹಾಕುವಾಗ ಮೊದಲ ದಾರವನ್ನು ಚುಚ್ಚಿಕೊಂಡರೆ ಬಿಗಿಯೇ ಆಗುವುದಿಲ್ಲ, ಬಿಚ್ಚಿ ಮತ್ತೆ ಹಾಕಿ.

ಮುಂದಂಚು ಕತ್ತರಿಸುವುದು ಹೊಲಿದ ಮೇಲೆಯೇ. ಒಳಹಾಳೆಗಳು ಹೊರಗಿನವಕ್ಕಿಂತ ಮುಂದಕ್ಕೆ ಚಾಚುತ್ತವೆ; 170 ಜಿಎಸ್‌ಎಂನ ಆರು ಹಾಳೆಗೆ ಮುಕ್ಕಾಲು ಮಿ.ಮೀ. ಆಸುಪಾಸು. ಮೊದಲೇ ಕತ್ತರಿಸಿದರೆ ಅಂಚು ಮೆಟ್ಟಿಲಾಗುತ್ತದೆ. ಕೈಯಲ್ಲಿ ಕತ್ತರಿಸುವುದಾದರೆ ಹೊಸ ಬ್ಲೇಡು, ಸ್ಟೀಲ್ ಪಟ್ಟಿ, ಹತ್ತಾರು ಹಗುರ ಗೀಟು. ಒಂದೇ ಏಟಿಗೆ ಒತ್ತಿದರೆ ಕೆಳಗಿನ ಹಾಳೆ ಓರೆಯಾಗುತ್ತದೆ. ಕೊನೆಗೆ ಹೊರಮೂಲೆ ಎರಡನ್ನೂ ದುಂಡು ಮಾಡಿ, ಚೂಪು ಮೂಲೆ ಮೊದಲು ಮಡಚುತ್ತದೆ, ಆಮೇಲೆ ಬಾಯಿಗೆ ಹೋಗುತ್ತದೆ.

ಹರಿದ ಮೇಲೆ

ಮಕ್ಕಳ ಕೈಗೆ ಹೋದ ಪುಸ್ತಕದಲ್ಲಿ ಹರಿಯುವುದು ಎರಡು ಕಡೆ: ಎಲ್ಲರೂ ಅವಸರದಲ್ಲಿ ತಿರುಗಿಸುವ 23ರ ಕೆಳಮೂಲೆ, ಮತ್ತು ನಡುಪುಟದ ಹೊಲಿಗೆಯ ತೂತು. ಸೆಲ್ಲೊ ಟೇಪ್ ಹಚ್ಚಬೇಡಿ. ಅಂಟು ಬರಬರುತ್ತ ಹಳದಿಯಾಗಿ ಪಕ್ಕದ ಪುಟಕ್ಕೆ ಹತ್ತಿಕೊಳ್ಳುತ್ತದೆ. ಒಂದು ಚಮಚ ಮೈದಾ, ಐದು ಚಮಚ ನೀರು, ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಗಂಜಿ ಮಾಡಿ ಆರಿಸಿ. ತೆಳು ಟಿಶ್ಯೂ ಕಾಗದವನ್ನು ಕತ್ತರಿಸದೆ ಕೈಯಲ್ಲಿ ಹರಿದು 10 ಮಿ.ಮೀ. ಪಟ್ಟಿ ಮಾಡಿ, ಹರಿದ ಅಂಚಿನ ನಾರು ಪುಟದೊಳಗೆ ಬೆರೆಯುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಕಾಣುತ್ತದೆ. ಗಂಜಿಯನ್ನು ಪಟ್ಟಿಗೆ ತೆಳ್ಳಗೆ ಹಚ್ಚಿ, ಹರಕಿನ ಹಿಂಬದಿಗೆ ಕೂರಿಸಿ, ಎರಡೂ ಕಡೆ ಬೆಣ್ಣೆ ಕಾಗದ ಇಟ್ಟು ದಪ್ಪ ಪುಸ್ತಕದ ಭಾರ ಹೇರಿ ರಾತ್ರಿಯಿಡೀ ಬಿಡಿ. ಆರ್ಟ್ ಪೇಪರಿಗೆ ನೀರು ಹೆಚ್ಚಾದರೆ ಮೇಲಿನ ಲೇಪ ಎದ್ದು ಬರುತ್ತದೆ, ಅದಕ್ಕೇ ಗಂಜಿ ಗಟ್ಟಿಯಾಗಿರಲಿ.

ನಡುಪುಟದ ತೂತು ಹರಿದಿದ್ದರೆ ದಾರ ಕತ್ತರಿಸಿ ಪುಸ್ತಕ ಬಿಚ್ಚಿ, ಮಡಿಕೆಯ ಉದ್ದಕ್ಕೂ 20 ಮಿ.ಮೀ. ಟಿಶ್ಯೂ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಹಳೆಯ ತೂತುಗಳಲ್ಲೇ ಹೊಸ ದಾರ ಹಾಕಿ. ಹೊಸ ತೂತು ಹೊಡೆದರೆ ಬೆನ್ನು ಅಂಚೆ ಚೀಟಿಯ ಅಂಚಿನಂತೆ ಹರಿದು ಬರುತ್ತದೆ. 23–24ರ ಹಾಳೆಯೇ ಪೂರ್ತಿ ಹೋಗಿದ್ದರೆ ಆ ಒಂದು ಹೊರಹಾಳೆ, ಅಂದರೆ 24–1 ಮತ್ತು 2–23 ಇರುವುದು, ಮತ್ತೆ ಅಚ್ಚು ಹಾಕಿಸಿ ಸೇರಿಸಿದರೆ ಸಾಕು. ಪಿಡಿಎಫ್‌ನಲ್ಲಿ ಹಾಳೆವಾರು ಜೋಡಿಸಿದ ಕಡತವನ್ನು ಅದಕ್ಕಾಗಿಯೇ ಇಟ್ಟುಕೊಂಡಿರಬೇಕು.